ಆ ಮದುವೆ ಮನೆ ಸುಮ್ಮನಾದದ್ದು ನಿಜವೇ?

೨೦೨೩ರ ಬೇಸಿಗೆ, ಮದುವೆಗಳ ಕಾಲ. ಏಪ್ರಿಲ್ ಕೊನೆ ಎಂದು ನನ್ನ ನೆನಪು. ಅಲ್ಲ, ಮೇ ತಿಂಗಳು ಎಂದು ನಮ್ಮ ತಂಡದ ವೆಂಕಟೇಶ ವಾದಿಸುತ್ತಾನೆ. ಅದು ಭಾನುವಾರ, ಊರು ಚಿಂತಾಮಣಿ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಉಳಿದದ್ದನ್ನು ನೆನಪಿರುವ ಹಾಗೆ ಬರೆಯುತ್ತೇನೆ. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದಲ್ಲಿ ಎಂ.ಎ. ಓದುವಾಗ ಕಲಿತ ಒಂದು ವಿಷಯ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ: ಒಂದು ಘಟನೆಯನ್ನು ನೆನೆದಾಗಲೆಲ್ಲ ನಾವು ಅದನ್ನು ಸ್ವಲ್ಪ ತಿದ್ದಿ ಮತ್ತೆ ಒಳಗಿಡುತ್ತೇವಂತೆ. ಈ ಘಟನೆಯನ್ನು ನಾನು ಎಷ್ಟು ಸಲ ಹೊರತೆಗೆದು ನೋಡಿದ್ದೇನೆಂದರೆ, ಅದರಲ್ಲಿ ಅಸಲು ಎಷ್ಟು ಉಳಿದಿದೆಯೋ ಹೇಳಲಾರೆ.

ನಾನು ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ರಜೆ ದಿನಗಳಲ್ಲಿ ಮದುವೆ ಆರತಕ್ಷತೆಗಳಲ್ಲಿ ಕೊಳಲು ನುಡಿಸುತ್ತೇನೆ. ನಮ್ಮದು ಪುಟ್ಟ ತಂಡ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ವೆಂಕಟೇಶ ಕೀಬೋರ್ಡ್ ನುಡಿಸುತ್ತಾನೆ, ಅವನ ತಮ್ಮ ರಿದಂ ಪ್ಯಾಡ್ ಬಾರಿಸುತ್ತಾನೆ. ಹಾಡುವವರು ಶಿಡ್ಲಘಟ್ಟದ ಅಮೀರ್‌ಜಾನ್. ಐವತ್ತು ದಾಟಿದವರು, ರೇಷ್ಮೆ ನೂಲು ತೆಗೆಯುವ ಒಂದು ಸಣ್ಣ ಘಟಕದ ಮಾಲೀಕರು. ನಮಗೆಲ್ಲ ಅಮೀರಣ್ಣ.

ಮದುವೆ ಮನೆಯಲ್ಲಿ ನುಡಿಸುವವನು ಮೊದಲು ಕಲಿಯಬೇಕಾದದ್ದು ಶ್ರುತಿಯನ್ನಲ್ಲ, ತಾಳವನ್ನಲ್ಲ. ಯಾರೂ ಕೇಳುತ್ತಿಲ್ಲ ಎಂಬುದನ್ನು ಸಹಿಸಿಕೊಳ್ಳುವುದನ್ನು. ನಾನು ಕಣ್ಣು ಮುಚ್ಚಿ ಒಂದು ಕಷ್ಟದ ಜಾಗ ನುಡಿಸುತ್ತಿರುತ್ತೇನೆ, ಮುಂದಿನ ಸಾಲಿನಲ್ಲಿ ಟೊಮೆಟೊ ರೇಟು ಬಿದ್ದದ್ದರ ಬಗ್ಗೆ ಜಗಳ ನಡೆಯುತ್ತಿರುತ್ತದೆ. ಹಾಡು ಮುಗಿದಾಗ ಚಪ್ಪಾಳೆ ಬಂದರೆ ಅದು ನಮಗೋ, ಯಾರೋ ದೊಡ್ಡವರು ಬಾಗಿಲಲ್ಲಿ ಕಾಣಿಸಿಕೊಂಡದ್ದಕ್ಕೋ ಎಂದು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಒಮ್ಮೆ ಗೌರಿಬಿದನೂರಿನಲ್ಲೇ, ನಾನು ಒಬ್ಬನೇ ನುಡಿಸುತ್ತಿದ್ದಾಗ ಒಬ್ಬಾತ ನೇರ ವೇದಿಕೆಯ ಹತ್ತಿರ ಬಂದು ನಿಂತ. ಪರವಾಗಿಲ್ಲ, ಒಬ್ಬ ಸಿಕ್ಕಿದ ಎಂದುಕೊಂಡೆ. ಹಾಡು ಮುಗಿಯುವವರೆಗೂ ಕಾದಿದ್ದು, “ಸಾರ್, ಈ ಫೋನಿಗೆ ಚಾರ್ಜರ್ ಇದ್ಯಾ?” ಎಂದು ಕೇಳಿದ. ಅವತ್ತಿನಿಂದ ಯಾರಾದರೂ ಗಮನವಿಟ್ಟು ನೋಡುತ್ತಿದ್ದರೆ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬರುತ್ತದೆ.

ಅಮೀರಣ್ಣನ ಲೆಕ್ಕ ಬೇರೆ ಇತ್ತು. ಅವರ ಹತ್ತಿರ ಹಾಡಲು ಒಂದು ಹಳೆಯ ತೆಲುಗು ಪದವಿತ್ತು. ಘಟಕದಲ್ಲಿ ಬಿಸಿನೀರಿನ ಬಾಣಲೆಗಳ ಮುಂದೆ ಕೂತು ಗೂಡು ಬಿಡಿಸುವ ಹೆಂಗಸರು ಹಾಡಿಕೊಳ್ಳುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ಕೇಳಿ ಕಲಿತದ್ದು. ಈ ಲೋಕಕ್ಕೆ ಬಂದವರೆಲ್ಲ ನೆಂಟರೇ ಎಂಬ ಅರ್ಥದ್ದು, ಆದ್ದರಿಂದ ಮದುವೆ ಮನೆಯಲ್ಲೂ ನಡೆಯುತ್ತಿತ್ತು. ಅದರ ಎರಡನೆಯ ಚರಣದಲ್ಲಿ ದನಿ ಮೇಲಕ್ಕೆ ಹೋಗಿ ನಿಲ್ಲುವ ಒಂದು ಜಾಗವಿದೆ. ಅಲ್ಲಿ ಎಂಥ ಗದ್ದಲದ ಹಾಲ್ ಆದರೂ ಒಂದು ಗಳಿಗೆ ಸುಮ್ಮನಾಗುತ್ತದೆ ಎಂದು ಅವರ ನಂಬಿಕೆ. “ಅಷ್ಟು ಸಿಕ್ಕಿದ್ರೆ ನನಗೆ ಸಾಕು ಮೇಷ್ಟ್ರೆ, ಉಳಿದದ್ದೆಲ್ಲ ಅವರು ಮಾತಾಡ್ಕೊಳ್ಳಲಿ” ಎನ್ನುತ್ತಿದ್ದರು. ಹಾಗೆ ಸುಮ್ಮನಾಗುವುದನ್ನು ನಾನೂ ಕೆಲವು ಸಲ ಕಂಡಿದ್ದೇನೆ. ಕಂಡಿದ್ದೇನೆ ಎಂದೇ ಆಗ ತಿಳಿದಿದ್ದೆ.

ಹಿಂದಿನ ವರ್ಷ ಅವರ ಗಂಟಲು ಕೆಟ್ಟಿತು. ಘಟಕದ ಹಬೆ, ಹೊಗೆ, ದಿನವಿಡೀ ಕೂಗಾಟ ಎಲ್ಲ ಸೇರಿ ಒಳಗೆ ಒಂದು ಗಂಟು ಬೆಳೆದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎಷ್ಟೋ ವಾರ ಒಂದು ಮಾತೂ ಆಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆ ಕಾಲದಲ್ಲಿ ಅವರು ಚಪ್ಪಾಳೆ ತಟ್ಟಿ ಕೆಲಸದವರನ್ನು ಕರೆಯುತ್ತಿದ್ದರು. “ಯಜಮಾನ್ರು ಹಿಂಗೇ ಇದ್ರೆ ಎಷ್ಟು ಚೆನ್ನ, ಬೈಯಕ್ಕೆ ಬಾಯೇ ಇಲ್ಲ” ಎಂದು ಆ ಹೆಂಗಸರು ಅವರ ಮುಂದೆಯೇ ನಗುತ್ತಿದ್ದರಂತೆ.

ಚಿಂತಾಮಣಿಯದು ಆಪರೇಷನ್ ಆದ ಮೇಲೆ ಅವರು ಹಾಡುವ ಮೊದಲ ಕಾರ್ಯಕ್ರಮ. ಬೆಳಗ್ಗೆ ಗೌರಿಬಿದನೂರಿನಿಂದ ವೆಂಕಟೇಶನ ವ್ಯಾನಿನಲ್ಲಿ ಹೊರಟು, ಶಿಡ್ಲಘಟ್ಟದಲ್ಲಿ ಅಮೀರಣ್ಣನನ್ನು ಹತ್ತಿಸಿಕೊಂಡೆವು. ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಫ್ಲಾಸ್ಕ್ ಹಿಡಿದುಕೊಂಡು ಬಂದರು.  ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಮೇಷ್ಟ್ರೆ, ಡಾಕ್ಟ್ರು ಎಲ್ಲಾ ಸರಿಯಾಗಿದೆ ಅಂದ್ರು. ಡಾಕ್ಟ್ರಿಗೆ ಗಂಟಲು ಗೊತ್ತು, ಹಾಡು ಗೊತ್ತಿಲ್ಲ. ಮನೇಲಿ ಕೇಳಿದ್ರೆ ಚೆನ್ನಾಗಿದೆ ಅಂತಾಳೆ. ಈ ವೆಂಕಿನ ಕೇಳಿದ್ರೆ ಸೂಪರ್ ಅಂತಾನೆ, ಇವನಿಗೆ ಎಲ್ಲಾ ಸೂಪರೇ. ನೀವೊಬ್ರೇ ಯಾರನ್ನೂ ನಂಬಲ್ಲ. ಇವತ್ತು ನೀವು ಹೇಳ್ಬೇಕು.”

“ಏನು ಹೇಳ್ಬೇಕಣ್ಣ?”

“ಆ ಪದ ಹಾಡ್ತೀನಿ. ಜನ ಸುಮ್ಮನಾದ್ರೆ ಮುಂದಕ್ಕೂ ಹಾಡ್ತೀನಿ. ಆಗ್ಲಿಲ್ಲ ಅಂದ್ರೆ ಇವತ್ತಿಗೇ ಸಾಕು. ಆಮೇಲೆ ಯಾರೂ ನನ್ನ ಕರೀಬೇಡಿ.”

“ಜನ ನೂರು ಕಾರಣಕ್ಕೆ ಸುಮ್ಮನಾಗ್ತಾರಣ್ಣ. ಐಸ್‌ಕ್ರೀಮ್ ಕೊಟ್ರೂ ಸುಮ್ಮನಾಗ್ತಾರೆ.”

“ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಐಸ್‌ಕ್ರೀಮಿಗೆ ಸುಮ್ಮನಾದ್ರೋ ನನಗೆ ಸುಮ್ಮನಾದ್ರೋ ನೋಡಿ ಹೇಳಿ. ನಾನು ಕಣ್ಣು ಮುಚ್ಕೊಂಡು ಹಾಡೋನು, ನನಗೆ ಗೊತ್ತಾಗಲ್ಲ.”

ಸ್ಟೀರಿಂಗ್ ಹಿಡಿದಿದ್ದ ವೆಂಕಟೇಶ, “ನಾನೇನು ಸುಳ್ಳು ಹೇಳ್ತೀನಾ ಅಣ್ಣ?” ಎಂದ.

“ನೀನು ಸುಳ್ಳು ಹೇಳಲ್ಲಪ್ಪ. ನಿನಗೆ ಕೀಬೋರ್ಡ್ ಬಿಟ್ರೆ ಏನೂ ಕೇಳ್ಸಲ್ಲ ಅಷ್ಟೆ.”

ಎಲ್ಲರೂ ನಕ್ಕೆವು. ಅಮೀರಣ್ಣ ಮಾತ್ರ ತಮಾಷೆಗೆ ಹೇಳಿರಲಿಲ್ಲ.

ಕಲ್ಯಾಣ ಮಂಟಪ ದೊಡ್ಡದು. ಬೆಳಗ್ಗೆಯೇ ಧಾರೆ ಮುಗಿದು, ಊಟ ಮುಗಿಯುವ ಹೊತ್ತಿನವರೆಗೆ ಆರತಕ್ಷತೆ. ಮೈಕು ಮತ್ತು ಬಾಕ್ಸುಗಳು ಚಿಂತಾಮಣಿಯ ಮಂಜನದು. ಎಷ್ಟೋ ಕಾರ್ಯಕ್ರಮಗಳಲ್ಲಿ ನಮಗೆ ಸೌಂಡ್ ಮಾಡಿದವನು. ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಕಡೆ ಎರಡು ಬಗೆಯ ಬಾಕ್ಸುಗಳಿರುತ್ತವೆ. ಜನರ ಕಡೆ ಮುಖ ಮಾಡಿದ ದೊಡ್ಡ ಬಾಕ್ಸುಗಳು ಹಾಲಿಗೆ. ವೇದಿಕೆಯ ಮೇಲೆ ನಮ್ಮ ಕಡೆ ತಿರುಗಿಸಿಟ್ಟ ಸಣ್ಣ ಬಾಕ್ಸು ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲಿ ಎಂದು. ಅದಕ್ಕೆ ಮಾನಿಟರ್ ಎನ್ನುತ್ತೇವೆ. ಎರಡನ್ನೂ ಹಾಲಿನ ಇನ್ನೊಂದು ಬದಿಯಲ್ಲಿ ಮಿಕ್ಸರ್ ಇಟ್ಟುಕೊಂಡು ಕೂತ ಮಂಜ ನೋಡಿಕೊಳ್ಳುತ್ತಾನೆ. ನಮಗೆ ಕೇಳಿಸುವುದು ಮಾನಿಟರಿನ ಸದ್ದು ಮಾತ್ರ. ಜನರಿಗೆ ಏನು ಕೇಳಿಸುತ್ತಿದೆ ಎಂದು ನಾವು ಅವನನ್ನು ನಂಬಬೇಕು.

ಮೊದಲು ಎರಡು ಸಿನಿಮಾ ಹಾಡು ಹಾಡಿದರು ಅಮೀರಣ್ಣ. ಗಂಟಲು ಜೋಪಾನವಾಗಿ ಬಳಸುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಹಾಲ್ ಎಂದಿನಂತೆ ಸಂತೆಯಾಗಿತ್ತು. ವಧೂವರರ ಜೊತೆ ಫೋಟೋಗೆ ನಿಲ್ಲುವ ಸಾಲು ನಮ್ಮ ಮುಂದೆಯೇ ಹಾದು ಹೋಗುತ್ತಿತ್ತು.

“ಏನಮ್ಮಾ, ಇಷ್ಟು ಸಣ್ಣಗಾಗ್ಬಿಟ್ಟಿದೀಯ?”

“ನೀನು ಬಿಡು ಅತ್ತೆ, ಹೋದ ಮದುವೇಲೂ ಇದೇ ಅಂದೆ.”

“ಅಲ್ ನೋಡೇ, ಆಯಮ್ಮ ನಮ್ಮನ್ನ ನೋಡಿನೂ ನೋಡ್ದಂಗೆ ಹೋದ್ಲು ಕಣೇ!”

ಎರಡನೆಯ ಹಾಡಿನ ನಡುವೆ ಒಬ್ಬರು ಮಂಜನ ಹತ್ತಿರ ಹೋದದ್ದನ್ನು ನೋಡಿದೆ. ಹೆಗಲ ಮೇಲೆ ಜರಿ ಟವೆಲು, ಕೈಯಲ್ಲಿ ಫೋನು. ಅವರು ಹೆಣ್ಣಿನ ಸೋದರಮಾವ ಕೃಷ್ಣಪ್ಪ, ಮದುವೆಯ ಓಡಾಟವೆಲ್ಲ ಅವರದೇ ಎಂದು ಬೆಳಗ್ಗೆಯೇ ತಿಳಿದಿತ್ತು. ದೊಡ್ಡ ಬಾಕ್ಸಿನ ಕಡೆ ಕೈ ತೋರಿಸಿದರು, ಆಮೇಲೆ ತಮ್ಮ ಕಿವಿ ತೋರಿಸಿಕೊಂಡರು. ಮಂಜ ತಲೆ ಆಡಿಸಿದ. ಅವರು ಹೋದ ಮೇಲೆ ನನ್ನ ಕಡೆ ನೋಡದೆಯೇ ಹೆಬ್ಬೆರಳು ಎತ್ತಿ ತೋರಿಸಿದ.

ನನಗೆ ಆಗಲೇ ಅನುಮಾನ ಬಂತು ಎಂದು ಬರೆಯಲು ಆಸೆ. ಹಾಲಿನಲ್ಲಿ ಕೊಳಲು ನಿಲ್ಲಿಸಿದಾಗ ಹಿಂದಿನ ಗೋಡೆಗೆ ಬಡಿದ ಸದ್ದಿನ ತುಣುಕೊಂದು ವಾಪಸ್ ಬರುತ್ತದೆ. ಅವತ್ತು ಅದು ಬರಲಿಲ್ಲ, ನಾನು ಗಮನಿಸಿದೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆಗ ಗಮನಿಸಿದ್ದರೆ ಸುಮ್ಮನೆ ಯಾಕಿದ್ದೆ? ಬಹುಶಃ ಆಮೇಲೆ ಸೇರಿಸಿಕೊಂಡ ತುಣುಕು ಇದು.

ಮೂರನೆಯದು ಆ ತೆಲುಗು ಪದ. ವೆಂಕಟೇಶ ಶ್ರುತಿ ಹಿಡಿದುಕೊಂಡ. ಅಮೀರಣ್ಣ ಫ್ಲಾಸ್ಕಿನಿಂದ ಒಂದು ಗುಟುಕು ಕುಡಿದು, ಮಫ್ಲರ್ ತೆಗೆದು ನನ್ನ ಕುರ್ಚಿಯ ಮೇಲೆ ಹಾಕಿ, ಕಣ್ಣು ಮುಚ್ಚಿದರು. ಮೊದಲ ಚರಣ ಹಾಗೇ ಸಾಗಿತು. ನಾನು ಒಪ್ಪಿಕೊಂಡ ಕೆಲಸದಂತೆ ಜನರನ್ನೇ ನೋಡುತ್ತಿದ್ದೆ. ಎರಡನೆಯ ಚರಣ ಮೇಲಕ್ಕೆ ಹೋಗುವಾಗ ಹಾಲ್ ಸುಮ್ಮನಾಯಿತು.

ಒಬ್ಬ ಹೆಂಗಸು ಮಗುವಿನ ಬಾಯಿಗೆ ಬೆರಳಿಟ್ಟು ತಡೆದದ್ದು ನೆನಪಿದೆ. ಫೋನ್ ಕಿವಿಗಿಟ್ಟುಕೊಂಡ ಒಬ್ಬಾತ ಮಾತಾಡದೆ ಹಾಗೇ ನಿಂತದ್ದು ನೆನಪಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಲೆಯ ಮೇಲಿನ ಫ್ಯಾನು ಟಕ್ ಟಕ್ ಎನ್ನುವುದು ಕೇಳಿಸಿದ್ದು ನೆನಪಿದೆ. ಬೆಳಗಿನಿಂದ ಅದು ಕೇಳಿಸಿರಲಿಲ್ಲ. ಅಮೀರಣ್ಣನ ದನಿ ಮೇಲೆ ಹೋಗಿ, ಸ್ವಲ್ಪ ಅಲುಗಿ, ನಿಂತಿತು. ಆಮೇಲೆ ಮತ್ತೆ ಮಾತು ಶುರುವಾಯಿತು.

ಹಾಡು ಮುಗಿಸಿ ಅವರು ಕಣ್ಣು ತೆರೆದದ್ದೇ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಅವರ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಮುಂದಿನ ಹಾಡನ್ನು ವೆಂಕಟೇಶ ಶುರು ಮಾಡಿದರೂ ಅವರು ಎರಡು ಸುತ್ತು ಹಾಡಲು ಮರೆತೇಬಿಟ್ಟರು.

ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ನಾನು ಮಂಜನ ಹತ್ತಿರ ಹೋದೆ. ಮಿಕ್ಸರ್ ಇನ್ನೂ ಆನ್ ಇತ್ತು. ಹಾಲಿನ ಬಾಕ್ಸುಗಳ ಗುಂಡಿ ಪೂರ್ತಿ ಕೆಳಗೆ ಇಳಿದಿತ್ತು. ಮಾನಿಟರಿನದು ಮೇಲಿತ್ತು.

“ಮಂಜ, ಇದು ಯಾಕೆ ಕೆಳಗಿದೆ?”

“ಮುಗೀತಲ್ಲ ಸಾರ್, ಇಳಿಸ್ದೆ.”

“ಈಗ ಇಳಿಸಿದ್ದಾ? ಹಾಗಾದ್ರೆ ಮಾನಿಟರ್ ಯಾಕೆ ಇಳಿಸಿಲ್ಲ?”

ಅವನು ವೈರು ಸುತ್ತುವುದನ್ನು ನಿಲ್ಲಿಸಿ ಅತ್ತಿತ್ತ ನೋಡಿದ. “ಅಯ್ಯೋ, ನೀವೊಬ್ರು. ಆ ಹೆಣ್ಣಿನ ಮಾವ ಬಂದು ಒಂದೇ ಸಮ ತಲೆ ತಿಂದ್ರು ಸಾರ್. ಕಮ್ಮಿ ಮಾಡು, ಮಾತೇ ಕೇಳ್ಸಲ್ಲ ಅಂತ. ಕಮ್ಮಿ ಮಾಡ್ದೆ. ಇನ್ನೂ ಕಮ್ಮಿ ಅಂದ್ರು. ಬಂದ್ ಮಾಡ್ಬಿಟ್ಟೆ. ನಿಮಗೆ ಬೇಜಾರಾಗುತ್ತೆ ಅಂತ ಮಾನಿಟರ್ ಬಿಟ್ಟಿದ್ದೆ.”

“ಯಾವಾಗ ಬಂದ್ ಮಾಡ್ದೆ?”

“ಎರಡನೇ ಹಾಡಲ್ಲಿ ಇರ್ಬೇಕು.”

“ಆಮೇಲೆ ಮತ್ತೆ ಹಾಕ್ಲೇ ಇಲ್ವಾ?”

“ಇಲ್ಲ.” ಆಮೇಲೆ ನನ್ನನ್ನು ಸಮಾಧಾನ ಮಾಡುವವನಂತೆ ಹೇಳಿದ: “ಇದೇನು ಹೊಸದಲ್ಲ ಸಾರ್. ಎಲ್ಲಾ ಕಡೆ ಮಾಡೋದೇ. ಆರ್ಟಿಸ್ಟ್‌ಗಳಿಗೆ ಗೊತ್ತಾಗಲ್ಲ, ಮನೆಯೋರಿಗೂ ನೆಮ್ಮದಿ.”

ಎಲ್ಲಾ ಕಡೆ. ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷ ನಾನು ನುಡಿಸಿದ ಹಾಲುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಚಿಕ್ಕಬಳ್ಳಾಪುರದಲ್ಲಿ ಕೊಳಲಿಗೆ ತಲೆದೂಗಿದ ಮುದುಕರು ನಿಜವಾಗಿ ಕೇಳುತ್ತಿದ್ದರೋ, ತೂಕಡಿಸುತ್ತಿದ್ದರೋ? ಜನ ಕೇಳುವುದಿಲ್ಲ ಎಂದು ನಾನು ಕೊರಗಿದ್ದೆ. ಅವರಿಗೆ ಕೇಳಿಸಲೇ ಇಲ್ಲದಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಎಲ್ಲವನ್ನೂ ಅನುಮಾನಿಸುವವನೆಂದು ನನ್ನ ಬಗ್ಗೆ ನನಗೆ ಜಂಬವಿತ್ತು. ಬಾಕ್ಸನ್ನು ಮಾತ್ರ ನಂಬಿದ್ದೆ.

ಹಾಗಾದರೆ ಹಾಲ್ ಸುಮ್ಮನಾದದ್ದು? ಬಾಕ್ಸು ಗದ್ದಲ ಮಾಡುವಾಗ ಜನ ಅದರ ಮೇಲೆ ಕೂಗಿ ಮಾತಾಡುತ್ತಾರೆ. ಅದು ನಿಂತರೆ ತಾವಾಗಿಯೇ ದನಿ ತಗ್ಗಿಸುತ್ತಾರೆ. ಇಷ್ಟೇ ಇರಬಹುದು. ವೆಂಕಟೇಶನನ್ನು ಹುಡುಕಿಕೊಂಡು ಹೋಗಿ ಕೇಳಿದೆ.

“ಸುಮ್ಮನಾದ್ರಾ? ಯಾವಾಗ?” ಎಂದ ಅವನು. “ಆಗ ಎರಡನೇ ಪಂಕ್ತಿಗೆ ಕರೆದ್ರಲ್ಲ ಸಾರ್, ಅರ್ಧ ಹಾಲ್ ಎದ್ದು ಊಟಕ್ಕೆ ಹೋಯ್ತು. ಉಳಿದೋರು ಮಾತಾಡ್ತಾನೇ ಇದ್ರು.”

“ಫ್ಯಾನ್ ಸದ್ದು ಕೇಳಿಸ್ಲಿಲ್ವಾ ನಿನಗೆ?”

“ಯಾವ ಫ್ಯಾನು? ಅಲ್ಲಿ ಎಲ್ಲಾ ಎಸಿ ಅಲ್ವಾ?”

ತಿರುಗಿ ಹೋಗಿ ನೋಡಿದೆ. ವೇದಿಕೆಯ ಮೇಲೆ ಫ್ಯಾನು ಇತ್ತು. ಎಸಿಯೂ ಇತ್ತು. ಆಗ ಫ್ಯಾನು ತಿರುಗುತ್ತಿರಲಿಲ್ಲ. ಬೆಳಗ್ಗೆ ತಿರುಗುತ್ತಿತ್ತೇ ಎಂದು ಯಾರನ್ನು ಕೇಳುವುದು?

ಅಮೀರಣ್ಣ ಊಟದ ಹಾಲಿನ ಹೊರಗೆ ಕೈ ತೊಳೆಯುವ ನಲ್ಲಿಗಳ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಏನೋ ಗುನುಗುತ್ತಿದ್ದರು. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅವರು ನನ್ನನ್ನು ಕೇಳಿದ್ದೇ ನಾನು ಹೇಳುತ್ತೇನೆ ಎಂಬ ಕಾರಣಕ್ಕೆ.

“ಅಣ್ಣ, ನೀವು ಹಾಡುವಾಗ ಹಾಲ್ ಬಾಕ್ಸ್ ಬಂದ್ ಇತ್ತು.”

ಅವರು ನಲ್ಲಿ ನಿಲ್ಲಿಸಿದರು. “ಪೂರ್ತಿ?”

“ಪೂರ್ತಿ. ನಮಗೆ ಮಾತ್ರ ಕೇಳಿಸ್ತಿತ್ತು.”

“ಹಂಗಾದ್ರೆ ಜನ ಯಾಕೆ ಸುಮ್ಮನಾದ್ರು?”

“ಗೊತ್ತಿಲ್ಲ. ಬಾಕ್ಸ್ ನಿಂತಿದ್ದಕ್ಕೆ ಮೆಲ್ಲಗೆ ಮಾತಾಡಿರ್ಬೋದು. ಊಟಕ್ಕೆ ಎದ್ದು ಹೋದ್ರು ಅಂತಾನೆ ವೆಂಕಿ. ನಿಮ್ಮ ಗಂಟಲು ಮೈಕ್ ಇಲ್ದೇನೇ ಮುಂದಿನೋರಿಗೆ ಕೇಳಿಸಿ ಸುಮ್ಮನಾದ್ರೂ ಆಗಿರ್ಬೋದು.”

“ಇದ್ರಲ್ಲಿ ಯಾವುದು?”

“ಗೊತ್ತಿಲ್ಲಣ್ಣ.”

“ಸುಮ್ಮನಾದ್ರು ಅನ್ನೋದಾದ್ರೂ ನಿಜಾನಾ?”

ನಾನು ಆ ಫ್ಯಾನಿನ ಬಗ್ಗೆ ಯೋಚಿಸುತ್ತಿದ್ದೆ. ಅವರು ಮಫ್ಲರಿನಿಂದ ಮುಖ ಒರೆಸಿಕೊಂಡರು.

“ನಿಮ್ಮನ್ನ ಕೇಳಿದ್ದೇ ತಪ್ಪಾಯ್ತು ಮೇಷ್ಟ್ರೆ” ಎಂದರು. ಸಿಟ್ಟಿರಲಿಲ್ಲ. “ಆಯ್ತು ಬಿಡಿ. ಊಟ ಮಾಡ್ಕೊಂಡು ಹೋಗಣ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ನಮ್ಮ ಕಡೆಯ ಮದುವೆಗಳಲ್ಲಿ ಕೊನೆಯ ಪಂಕ್ತಿ ಮನೆಯವರದು. ನೆಂಟರೆಲ್ಲ ಉಂಡು ಹೋದ ಮೇಲೆ ಹೆಣ್ಣಿನ ಕಡೆಯವರು, ಅವರ ಜೊತೆಗೆ ಫೋಟೋದವರು, ಡ್ರೈವರ್‌ಗಳು, ವಾದ್ಯದವರು, ನಮ್ಮಂಥವರು ಎಲ್ಲ ಒಟ್ಟಿಗೆ ಕೂರುತ್ತೇವೆ. ಅವತ್ತೂ ಹಾಗೇ. ನಮ್ಮ ಎದುರು ಸಾಲಿನಲ್ಲಿ ಸೋದರಮಾವ ಕೃಷ್ಣಪ್ಪ, ಪಕ್ಕದಲ್ಲಿ ಅವರ ಅಕ್ಕ, ಅಂದರೆ ಹುಡುಗಿಯ ತಾಯಿ. ಬೆಳಗಿನಿಂದ ಓಡಾಡಿ ಇಬ್ಬರ ಮುಖವೂ ಜೋತುಬಿದ್ದಿತ್ತು. ಮಂಜ ನನ್ನ ಪಕ್ಕದಲ್ಲಿ ಕೂತು ಎಲೆಯಿಂದ ತಲೆ ಎತ್ತುತ್ತಿರಲಿಲ್ಲ.

ಕೃಷ್ಣಪ್ಪ ಸಾರನ್ನ ಕಲಸುತ್ತಾ ಉಪಚಾರ ಮಾಡಿದರು. “ನಿಧಾನಕ್ಕೆ ಊಟ ಮಾಡ್ರಪ್ಪ. ಪ್ರೋಗ್ರಾಂ ಬಲೇ ಚೆನ್ನಾಗಿತ್ತು.”

ಅಮೀರಣ್ಣ ಕೈ ನಿಲ್ಲಿಸಿದರು. “ಯಾವ ಹಾಡು ಹಿಡಿಸ್ತಣ್ಣ?”

“ಎಲ್ಲಾನೂ.”

“ಒಂದು ಹೇಳಿ ನೋಡೋಣ.”

ಕೃಷ್ಣಪ್ಪ ಅನ್ನ ಬಾಯಿಗಿಟ್ಟುಕೊಂಡು ಅಗಿಯುತ್ತಾ ಹೊತ್ತು ಕಳೆದರು. ಪಕ್ಕದಲ್ಲಿದ್ದ ಅಕ್ಕ ನಕ್ಕುಬಿಟ್ಟರು. “ಬಾಕ್ಸ್ ನಿಲ್ಲಿಸಿದೋನೇ ಇವನು. ಇವನಿಗೇನಪ್ಪ ಗೊತ್ತು ಹಾಡು? ಸುಮ್ನೆ ತಿನ್ನೋ ಕೃಷ್ಣ.”

ಕೃಷ್ಣಪ್ಪನ ಮುಖ ಕೆಂಪಾಯಿತು. ಆದರೆ ಬಿಟ್ಟುಕೊಡಲಿಲ್ಲ. “ಏನು ಮಾಡ್ಲಿ ಅಣ್ಣ, ನೀವೇ ಹೇಳಿ. ಗಂಡಿನ ಕಡೆಯೋರು ಅಷ್ಟು ದೂರದಿಂದ ಬಂದವ್ರೆ. ಒಬ್ಬೊಬ್ಬರನ್ನೂ ಹತ್ರ ಹೋಗಿ ಮಾತಾಡಿಸ್ಬೇಕು. ಮಾತಾಡಿಸ್ಲಿಲ್ಲ ಅಂದ್ರೆ ಇನ್ನು ಹತ್ತು ವರ್ಷ ಹೇಳ್ಕೊಂಡು ತಿರುಗ್ತಾರೆ. ಹಾಡು ಕೇಳ್ಸಲಿಲ್ಲ ಅಂತ ಯಾರಾದ್ರೂ ಮುನಿಸ್ಕೊಂಡು ಹೋಗವ್ರಾ?”

ಅವರ ಮಾತು ಸುಳ್ಳಲ್ಲ. ಬೆಳಗಿನಿಂದ ನಮ್ಮ ಮುಂದೆ ಹಾದುಹೋದ ಮಾತುಗಳೆಲ್ಲ ಯಾರು ಯಾರನ್ನು ಮಾತಾಡಿಸಿದರು, ಯಾರು ಮಾತಾಡಿಸಲಿಲ್ಲ ಎಂಬುದೇ ಆಗಿತ್ತು.

“ಈಗ ಎಲ್ಲಾ ಹೋದ್ರಲ್ಲ” ಎಂದು ಕೃಷ್ಣಪ್ಪನೇ ಮುಂದುವರಿಸಿದರು. “ಈಗ ಹಾಡಣ್ಣ. ಪಾಡು ನಾಯ್ನಾ, ವಿಂಟಾನು.”

ಹಾಡಪ್ಪ, ಕೇಳ್ತೀನಿ ಎಂದು ತೆಲುಗಿನಲ್ಲಿ ಅವರು ಹೇಳಿದ್ದು ಮನಸಾರೆಯೋ, ಮುಖ ಉಳಿಸಿಕೊಳ್ಳಲೋ ಎಂದು ನನಗೆ ಆಗ ಅನುಮಾನ. ಅಮೀರಣ್ಣ ಹಾಡುವುದಿಲ್ಲ ಎಂದೇ ಎಣಿಸಿದ್ದೆ. ಅವರು ಸಾರು ಮೆತ್ತಿದ ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು, ಮೈಕಿಲ್ಲದೆ, ಶ್ರುತಿಯಿಲ್ಲದೆ ಆ ಪದವನ್ನು ಎತ್ತಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ. ಎದುರಿನವರನ್ನು ನೋಡುತ್ತಲೇ ಹಾಡಿದರು.

ಯಾರೂ ಸುಮ್ಮನಾಗಲಿಲ್ಲ. ಇದನ್ನು ಖಂಡಿತವಾಗಿ ಹೇಳಬಲ್ಲೆ. ಬಡಿಸುವವನು “ಮಜ್ಜಿಗೆ, ಮಜ್ಜಿಗೆ” ಎಂದು ಕೂಗುತ್ತಾ ಬಂದ. ಕೃಷ್ಣಪ್ಪ ಮೊದಲ ಚರಣದ ನಡುವೆಯೇ ಹಿಂದೆ ತಿರುಗಿ, “ಲೋ, ಪಾತ್ರೆ ಎಲ್ಲಾ ಲೆಕ್ಕ ನೋಡಿ ವ್ಯಾನ್‌ಗೆ ಹಾಕಿಸ್ದಾ?” ಎಂದು ಕೇಳಿ, ಮತ್ತೆ ಈ ಕಡೆ ತಿರುಗಿ, “ನೀನು ಹಾಡಣ್ಣ, ನಾನು ಇಲ್ಲೇ ಇದೀನಿ” ಎಂದರು. ಹುಡುಗಿಯ ತಾಯಿ ಪಕ್ಕದವರಿಗೆ ಒಬ್ಬಟ್ಟು ಇನ್ನೊಂದು ಹಾಕಿಸುತ್ತಿದ್ದರು.

ಎರಡನೆಯ ಚರಣ ಬಂತು. ದನಿ ಮೇಲಕ್ಕೆ ಹೋಯಿತು, ಆ ಜಾಗದಲ್ಲಿ ಒಡೆಯಿತು. ಬೆಳಗ್ಗೆ ಅಲುಗಿದ್ದ ದನಿ ಈಗ ಪೂರ್ತಿ ಒಡೆದು ಬರೀ ಗಾಳಿಯಾಯಿತು. ಅಮೀರಣ್ಣ ಹಾಡು ನಿಲ್ಲಿಸಿದರು. ನನಗೆ ತಲೆ ಎತ್ತಲಾಗಲಿಲ್ಲ. ಮುಗಿಯಿತು ಎಂದುಕೊಂಡೆ.

“ಅಯ್ಯೋ, ನೀರು ಕುಡಿಯಪ್ಪ ಮೊದ್ಲು” ಎಂದರು ಹುಡುಗಿಯ ತಾಯಿ, ಒಬ್ಬಟ್ಟಿನ ಕಡೆಯಿಂದ ಚಕ್ಕನೆ ತಿರುಗಿ. ತಮ್ಮ ಎಲೆಯ ಮುಂದಿದ್ದ ನೀರಿನ ಬಾಟಲಿಯನ್ನೇ ತೆಗೆದು ಆಚೆಯಿಂದ ಚಾಚಿದರು. “ಅಷ್ಟು ಮೇಲಕ್ಕೆ ಯಾಕೆ ಹೋಗ್ತೀಯ? ಸ್ವಲ್ಪ ಕೆಳಗೆ ಹೇಳು, ಅದಕ್ಕೇನು?”

ಅಮೀರಣ್ಣ ಎಡಗೈಯಲ್ಲಿ ಬಾಟಲಿ ಹಿಡಿದು ನೀರು ಕುಡಿದರು. ಆ ತಾಯಿಯನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಅದೇ ಸಾಲನ್ನು ಕೆಳಗಿನ ಶ್ರುತಿಯಲ್ಲಿ ಮತ್ತೆ ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಮುಗಿಯುವ ಹೊತ್ತಿಗೆ ಅರ್ಧ ಜನ ಎಲೆ ಮಡಿಸಿ ಎದ್ದಿದ್ದರು.

ವ್ಯಾನು ಚಿಂತಾಮಣಿ ದಾಟಿತು. ಆಗ ನಾನೇ, “ಅಣ್ಣ, ಮೇಲಿನ ಜಾಗ ಒಡೀತು. ಕೆಳಗೆ ಚೆನ್ನಾಗಿತ್ತು. ಜನ ಮಾತ್ರ ಸುಮ್ಮನಾಗ್ಲಿಲ್ಲ” ಎಂದೆ. ಬೆಳಗ್ಗೆ ಒಪ್ಪಿಕೊಂಡದ್ದನ್ನು ಈಗಲಾದರೂ ಸರಿಯಾಗಿ ಹೇಳಬೇಕಿತ್ತು.

“ನನಗೂ ಕಾಣಿಸ್ತು, ಕಣ್ಣು ಬಿಟ್ಕೊಂಡೇ ಇದ್ನಲ್ಲ” ಎಂದರು ಅಮೀರಣ್ಣ. “ಆದ್ರೆ ಮೇಷ್ಟ್ರೆ, ಒಂದು ಕೇಳ್ತೀನಿ. ಆಯಮ್ಮ ನೀರು ಕೊಟ್ಲಲ್ಲ, ಯಾಕೆ ಕೊಟ್ಲು?”

“ನಿಮ್ಮ ದನಿ ಒಡೆದಿದ್ದಕ್ಕೆ.”

“ಒಬ್ಬಟ್ಟು ಬಡಿಸೋ ಗಲಾಟೇಲಿ ಇದ್ಲು. ಕೇಳಿಸ್ಕೊಳ್ದೇ ಇದ್ದಿದ್ರೆ ಒಡೆದಿದ್ದು ಹೆಂಗೆ ಗೊತ್ತಾಗ್ತಿತ್ತು?”

ನಾನು ಯೋಚಿಸಿದೆ. ಬೇರೆ ಕಾರಣ ಏನಾದರೂ ಇದ್ದೀತೇ ಎಂದು ಶಿಡ್ಲಘಟ್ಟದವರೆಗೂ ಯೋಚಿಸಿದೆ. ಸಿಗಲಿಲ್ಲ. ಮನೆಯ ಮುಂದೆ ಇಳಿಯುವಾಗ ಅವರು, “ಮುಂದಿನ ಪ್ರೋಗ್ರಾಂ ಎಲ್ಲಿ?” ಎಂದು ವೆಂಕಟೇಶನನ್ನು ಕೇಳಿದರು. “ಶ್ರುತಿ ಇಳಿಸ್ಕೊಳ್ಳಣ. ಆ ಮಂಜನಿಗೂ ಹೇಳು, ಬಂದ್ ಮಾಡೋದಿದ್ರೆ ಮಾಡ್ಕೊಳ್ಳಲಿ, ನನಗೆ ಹೇಳಿ ಮಾಡ್ಲಿ.”

“ಸೂಪರ್ ಅಣ್ಣ” ಎಂದ ವೆಂಕಟೇಶ.

ಕೆಲವು ತಿಂಗಳ ಮೇಲೆ ಆ ಮದುವೆಯ ವಿಡಿಯೋ ಮಂಜನ ಮೂಲಕ ನನಗೆ ಸಿಕ್ಕಿತು. ಹಾಲ್ ಸುಮ್ಮನಾಗಿತ್ತೇ ಇಲ್ಲವೇ ಒಂದು ಸಲ ತಿಳಿದುಹೋಗಲಿ ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಎಡಿಟಿಂಗಿನವನು ಮದುವೆಯ ಸದ್ದನ್ನೆಲ್ಲ ತೆಗೆದು ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ಅಂಟಿಸಿದ್ದ. ಅಮೀರಣ್ಣನ ಬಾಯಿ ಆಡುತ್ತಿತ್ತು, ಬೇರೆ ಯಾರದೋ ದನಿ ಬರುತ್ತಿತ್ತು. ಫ್ಯಾನು ಚಿತ್ರದ ಚೌಕಟ್ಟಿನಲ್ಲಿ ಇರಲೇ ಇಲ್ಲ. ಹಾಗಾಗಿ ಆ ನಿಶ್ಶಬ್ದವನ್ನು ನಾನು ಇವತ್ತಿಗೂ ನಂಬಿಲ್ಲ, ಬಿಟ್ಟೂ ಇಲ್ಲ.

ಅಮೀರಣ್ಣ ಈಗಲೂ ಹಾಡುತ್ತಾರೆ. ಅವರ ತಗ್ಗಿದ ಶ್ರುತಿಗೆ ನಾನು ಉದ್ದನೆಯ ಕೊಳಲು ತರಿಸಿಕೊಳ್ಳಬೇಕಾಯಿತು. ಅದರ ರಂಧ್ರಗಳು ದೂರ ದೂರ ಇರುವುದರಿಂದ ನನ್ನ ಬೆರಳುಗಳು ಇನ್ನೂ ಪೂರ್ತಿ ಒಗ್ಗಿಲ್ಲ. ಜನ ಮಾತಾಡುವುದೂ ಹಾಗೇ ನಡೆದಿದೆ. ಈಚೆಗೆ ಗೌರಿಬಿದನೂರಿನ ಒಂದು ಆರತಕ್ಷತೆಯಲ್ಲಿ ಬೆರಳು ಜಾರಿ ಒಂದು ಸ್ವರ ಕೆಟ್ಟದಾಗಿ ತಪ್ಪಿತು. ಮೂರನೆಯ ಸಾಲಿನಲ್ಲಿ ಪಕ್ಕದವರ ಜೊತೆ ಏನೋ ಚರ್ಚೆ ಮಾಡುತ್ತಿದ್ದ ಒಬ್ಬರು ತಟ್ಟನೆ ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು, ಮತ್ತೆ ಮಾತಿಗೆ ತಿರುಗಿದರು. ಬೇರೆ ಏನಕ್ಕೋ ನೋಡಿರಬಹುದು ಎಂಬುದು ನನಗೆ ಗೊತ್ತಿದೆ. ಆದರೂ ಆ ದಿನ ಮನೆಗೆ ಬಂದವನೇ ಬಟ್ಟೆ ಕೂಡ ಬದಲಾಯಿಸದೆ ಕೂತು, ಆ ಜಾಗ ಸರಿಯಾಗಿ ಬರುವವರೆಗೂ ನುಡಿಸಿದೆ.